ಭಾನುವಾರದ ಸ್ತೋತ್ರ ಸೋಮವಾರ ಎಲ್ಲಿ ಹೋಗುತ್ತದೆ?

ಯೇಸುವನ್ನು ನಂಬಿದ ನಮ್ಮ ಕೇರಿಯ ಅಣ್ಣತಮ್ಮಂದಿರು ದಾರಿಯಲ್ಲಿ ಎದುರಾದರೆ ನಮಸ್ಕಾರಕ್ಕೆ ಬದಲು 'ಸ್ತೋತ್ರ' ಅನ್ನುತ್ತಾರೆ. ಮಗು ಹುಟ್ಟಿದರೆ ಸ್ತೋತ್ರ, ಜ್ವರ ಬಿಟ್ಟರೆ ಸ್ತೋತ್ರ, ಕೂಲಿ ಸಿಕ್ಕಿದ ದಿನ ಸ್ತೋತ್ರ, ಸಿಗದ ದಿನವೂ ಸ್ತೋತ್ರ. ಇದನ್ನು ನಾವು ಗೇಲಿ ಮಾಡುವುದಿಲ್ಲ. ಗುಡಿಯ ಮೆಟ್ಟಿಲು ತುಳಿಯಲು ಬಿಡದ ನಾಡಿನಲ್ಲಿ, ಪೂಜಾರಿಯ ಹಂಗಿಲ್ಲದೆ ಗುಡಿಸಲಲ್ಲೇ ಕೂತು ದೇವರನ್ನು ಮಾತಾಡಿಸಿದ ಜನ ಇವರು. ಅದು ಸಣ್ಣ ಧೈರ್ಯವಲ್ಲ.

ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಭಾನುವಾರ ಹಾಡಿದ ಸ್ತೋತ್ರ ಸೋಮವಾರ ಎಲ್ಲಿ ಹೋಗುತ್ತದೆ? ಪಕ್ಕದಲ್ಲಿ ನಿಂತು ಹಾಡಿದವನು ಪಕ್ಕದಲ್ಲಿ ಕೂತು ಉಣ್ಣುತ್ತಾನಾ? ಹೆಣ್ಣು ಕೊಡುತ್ತಾನಾ? ಸತ್ತಾಗ ನಮ್ಮ ಜೊತೆ ಒಂದೇ ಮಣ್ಣಿಗೆ ಬರುತ್ತಾನಾ?

ತಮಿಳುನಾಡಿನ ಕಡೆ ನೋಡಿ. ತಂಜಾವೂರಿನ ವೇದನಾಯಗಂ ಶಾಸ್ತ್ರಿಯ ಹಾಡುಗಳನ್ನು ತಮಿಳು ಕ್ರೈಸ್ತರು ಇವತ್ತಿಗೂ ಕಣ್ಣು ಮುಚ್ಚಿ ಹಾಡುತ್ತಾರೆ. ದಲಿತರೂ ಹಾಡುತ್ತಾರೆ. ಇದೇ ಕವಿ 1829ರಲ್ಲಿ ಮಿಷನರಿಗಳ ಮೇಲೆ ದೂರು ಬರೆದ. ಯಾಕೆ? ಆರಾಧನೆಯಲ್ಲಿ ಮೇಲ್ಜಾತಿಯವರನ್ನೂ ಪರೆಯರನ್ನೂ ಬೆರೆಸಿ ಕೂರಿಸಲು ಹೊರಟರು ಅಂತ! 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಜಾತಿ ಕೂಡದು ಎಂದು ಆಜ್ಞೆ ಕಳಿಸಿದಾಗ ಎಷ್ಟೋ ಮೇಲ್ಜಾತಿ ಕ್ರೈಸ್ತರು ಎದ್ದು ಹೊರಟರು. ದೇವಾಲಯ ಬಿಟ್ಟರು, ಜಾತಿ ಬಿಡಲಿಲ್ಲ.

ಅದು ಹಳೇ ಕಥೆ ಅನ್ನಬೇಡಿ. ತಿರುಚಿರಾಪಳ್ಳಿಯ ಮೇಲಪುದೂರಿನ ಕ್ಯಾಥೊಲಿಕ್ ಸ್ಮಶಾನದಲ್ಲಿ ದಲಿತರ ಹೆಣ ಬೇರೆ, ಉಳಿದವರ ಹೆಣ ಬೇರೆ ಎಂದು ನಡುವೆ ಗೋಡೆ ಕಟ್ಟಿದರು. ಪುನರುತ್ಥಾನದ ದಿನ ಎರಡು ಕಡೆಯಿಂದ ಎರಡು ಸಾಲಿನಲ್ಲಿ ಏಳಬೇಕೇನೋ! ಅದು ತಮಿಳುನಾಡು, ನಮ್ಮಲ್ಲಿ ಇಲ್ಲ ಅಂತಲೂ ಅನ್ನಬೇಡಿ. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರಲ್ಲಿ ಬಾಮೊಣ್, ಚಾರೊಡಿ, ಸುದಿರ್ ಅನ್ನುವ ಹೆಸರುಗಳು ಬಂದದ್ದು ಯಾವ ಸತ್ಯವೇದದಿಂದ?

ಇನ್ನೊಂದು ಕಥೆ ಕೇಳಿ. ಮದ್ರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬ ನಮ್ಮ ಬಂಧು. ಸರ್ಕಾರ ಚಮ್ಮಾರರಿಗೆ ಪುಕ್ಕಟೆಯಾಗಿ ಪೆಟ್ಟಿಗೆ ಅಂಗಡಿ ಕೊಟ್ಟಿತು. ಸೂಸೈಗೆ ಕೊಡಲಿಲ್ಲ. ಯಾಕೆಂದರೆ ಆತ ಕ್ರೈಸ್ತ. 1950ರ ರಾಷ್ಟ್ರಪತಿ ಆದೇಶ ಮೊದಲು ಹಿಂದೂಗಳನ್ನು ಮಾತ್ರ ಪರಿಶಿಷ್ಟ ಜಾತಿ ಎಂದಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರೂ ಮುಸ್ಲಿಮರೂ ಹೊರಗೇ ಉಳಿದರು. 1985ರಲ್ಲಿ ಸುಪ್ರೀಂ ಕೋರ್ಟು ಸೂಸೈಗೆ ಹೇಳಿದ್ದೇನು? ಕ್ರೈಸ್ತನಾದ ಮೇಲೂ ಅದೇ ತೀವ್ರತೆಯ ಕಷ್ಟ ಉಳಿದಿದೆ ಅನ್ನುವುದಕ್ಕೆ ಸಾಕಷ್ಟು ಪುರಾವೆ ಇಲ್ಲ ಅಂತ.

ಪುರಾವೆ ಎಲ್ಲಿತ್ತು? ಬೇರೆ ಬೆಂಚಿನಲ್ಲಿತ್ತು, ಬೇರೆ ಗೋರಿಯಲ್ಲಿತ್ತು. ಅದನ್ನು ಮುಚ್ಚಿದ್ದು ಯಾವುದು? ನಮ್ಮಲ್ಲಿ ಭೇದವೇ ಇಲ್ಲ ಎಂದು ರಾಗವಾಗಿ ಹಾಡಿದ ಸ್ತೋತ್ರ! ಸಭೆಯೊಳಗೆ ಅಸ್ಪೃಶ್ಯತೆ ಇದೆ ಎಂದು ದೇಶದ ಕ್ಯಾಥೊಲಿಕ್ ಬಿಷಪ್ಪರು 2016ರಲ್ಲಿ ನೀತಿಪತ್ರ ಹೊರಡಿಸಿ ಒಪ್ಪಿಕೊಂಡರು. ಅಷ್ಟು ಹೊತ್ತಿಗೆ ಸೂಸೈ ಸೋತು 31 ವರ್ಷವಾಗಿತ್ತು. ಸುಳ್ಳು ಸ್ತೋತ್ರ ಬರೀ ಸದ್ದಲ್ಲ ಬಂಧುಗಳೇ, ಅದು ಬಡವನ ಅನ್ನಕ್ಕೂ ಕಲ್ಲು ಹಾಕುತ್ತದೆ.

'ಆರಾಧನೆಯೇ ಬೇರೆ, ಸಮಾಜದ ವಿಚಾರವೇ ಬೇರೆ, ಎರಡನ್ನೂ ಬೆರೆಸಬೇಡಿ' ಅಂತ ಉಪದೇಶ ಮಾಡುವವರಿದ್ದಾರೆ. ಅವರು ತಮ್ಮ ಸತ್ಯವೇದವನ್ನೇ ತೆರೆದು ನೋಡಲಿ. ಕುರಿ ಕಾಯುವ ಆಮೋಸ ಏನೆಂದ? ಬಡವರನ್ನು ತುಳಿಯುವವರ ಹಾಡು ದೇವರಿಗೆ ಬರೀ ಗದ್ದಲ, ನ್ಯಾಯ ಹರಿಯಲಿ ಎಂದ. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ತಿಂದು ಕುಡಿದು, ಬಡವರು ಹಸಿದು ಕೂತಾಗ ಪೌಲ ಏನೆಂದ? ಇದು ಕರ್ತನ ಭೋಜನವೇ ಅಲ್ಲ ಎಂದ. ಅಂದರೆ ಪಂಕ್ತಿ ಕೆಟ್ಟರೆ ಆರಾಧನೆ ಕೆಟ್ಟಿತು!

ಇದನ್ನು ಕಂಡುಕೊಂಡ ನಮ್ಮವರೂ ಇದ್ದಾರೆ. ಅರವಿಂದ ನಿರ್ಮಲ್ 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಶೂದ್ರ ದೇವಶಾಸ್ತ್ರ ಬೇಕು ಎಂದು ಮಾತಾಡಿದರು. ದಲಿತ ದೇವಶಾಸ್ತ್ರ ಹೊರಟದ್ದು ಅಲ್ಲಿಂದ. ಮಧುರೆಯ ಸೆಮಿನರಿಯಲ್ಲಿ ಪಾಠ ಹೇಳುತ್ತಿದ್ದ ಥಿಯೋಫಿಲಸ್ ಅಪ್ಪಾವು (2005ರಲ್ಲಿ ತೀರಿಕೊಂಡರು) ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮೈಲಿಗೆಯೆಂದು ಹೊರಗಿಟ್ಟ ಪರೆ ವಾದ್ಯವನ್ನು ಆರಾಧನೆಯೊಳಗೆ ತಂದರು. ಕಚೇರಿ ಸಂಗೀತ ಬಿಟ್ಟು ಹಳ್ಳಿಯ ಮಟ್ಟಿನಲ್ಲಿ, ಕೂಲಿಯವರ ಮಾತಿನಲ್ಲಿ ಆರಾಧನೆ ಕಟ್ಟಿದರು. ದೇವರನ್ನು ಒಡೆಯ ಅನ್ನದೆ ಹೆತ್ತವರೇ ಎಂದು ಕರೆದರು. ಒಂದೇ ಮಡಕೆಯಲ್ಲಿ ಬೇಯಿಸಿ ಎಲ್ಲರೂ ಹಂಚಿ ಉಣ್ಣುವುದೇ ಪ್ರಭುಭೋಜನ ಎಂದು ಕಲಿಸಿದರು.

ಕ್ರೈಸ್ತ ಬಂಧುಗಳೇ, ಸ್ತೋತ್ರ ನಿಲ್ಲಿಸಿ ಅಂತ ನಾವು ಹೇಳುತ್ತಿಲ್ಲ. ನಿಜವಾದ ಸ್ತೋತ್ರ ಹಾಡಿ ಅನ್ನುತ್ತಿದ್ದೇವೆ. ಜಾತಿ ಕೇಳಿ ಮದುವೆ ಕುದುರಿಸುವ ಮನೆಗೆ ಪ್ರಾರ್ಥನೆಗೆ ಹೋಗಬೇಡಿ. ಗೋಡೆಯಿರುವ ಸ್ಮಶಾನದಲ್ಲಿ ಹಾಡಬೇಡಿ, ಮೊದಲು ಗೋಡೆ ಕೆಡವಿ. ನಮ್ಮ ತಮಟೆಯನ್ನು ಒಳಗೆ ತನ್ನಿ. ತಮಟೆಗೆ ನಾಚುವ ಸಭೆ ನಮಗೂ ನಾಚುತ್ತದೆ.

ಕೇರಿಯ ಉಳಿದ ಬಂಧುಗಳೇ, ಇವರು ಧರ್ಮ ಬಿಟ್ಟವರು ಅಂತ ದೂರ ಇಡಬೇಡಿ. ಊರಿನವರಿಗೆ ಇವರೂ ಹೊಲೆಯರೇ, ಇವರೂ ಮಾದಿಗರೇ. ಹೊಡೆತ ಬೀಳುವಾಗ ಯಾರೂ ನಿಮ್ಮ ಕೊರಳಲ್ಲಿ ಶಿಲುಬೆ ಇದೆಯಾ ಅಂತ ನೋಡುವುದಿಲ್ಲ. ಒಂದೇ ಮಡಕೆ ಒಲೆಯ ಮೇಲಿಡೋಣ. ಆಮೇಲೆ ಹಾಡೋಣ.

ಜೈ ಭೀಮ್!