ಸೋಮವಾರ ಬಿಟ್ಟು ಹೋಗಬಾರದು

ಜರ್ಮನಿಯ ಶಿಶುವಿಹಾರಗಳಲ್ಲಿ ಒಂದು ಪದ್ಧತಿಯಿದೆ: ಹೊಸ ಮಗುವನ್ನು ಮೊದಲ ಸಲ ಅಮ್ಮನಿಂದ ಬಿಡಿಸುವುದು ಸೋಮವಾರ ಆಗಕೂಡದು. ಶನಿವಾರ, ಭಾನುವಾರ ಅಮ್ಮನ ಮಗ್ಗುಲಲ್ಲೇ ಇದ್ದು ಬಂದ ಮಗು ಅದು, ಒಂದು ದಿನ ತಡೆಯಿರಿ ಎನ್ನುತ್ತಾರೆ. ದಾವಣಗೆರೆಯಲ್ಲಿ ಆರು ವರ್ಷ ಎಲ್‌ಕೆಜಿ ಮಿಸ್ ಆಗಿದ್ದ ನನಗೆ ಇದನ್ನು ಕೇಳಿ ನಗು ಬಂದಿತ್ತು. ನಮ್ಮಲ್ಲಿ ಜೂನ್ ಮೊದಲ ವಾರವೆಂದರೆ ಗೇಟಿನ ಹತ್ತಿರ ಸಾಮೂಹಿಕ ಅಳು. ಆಯಾ ಮಗುವನ್ನು ಎತ್ತಿಕೊಳ್ಳುತ್ತಾಳೆ, ಅಮ್ಮ ಹಿಂತಿರುಗಿ ನೋಡದೆ ಸ್ಕೂಟಿ ಹತ್ತುತ್ತಾಳೆ. “ಎರಡು ದಿನ ಅತ್ತು ತಾನೇ ಸುಮ್ಮನಾಗುತ್ತೆ ಬಿಡಿ” ಅಂತ ನಾವು ಹೇಳುತ್ತೇವೆ. ಸುಮ್ಮನಾಗುವುದೇನೋ ನಿಜ. ಸುಮ್ಮನಾಗುವುದೂ ಹೊಂದಿಕೊಳ್ಳುವುದೂ ಒಂದೇ ಎಂದು ಆಗ ನಾನೂ ನಂಬಿದ್ದೆ.

ಲೈಪ್ಜಿಗ್‌ನ ಒಂದು ಕಿಟಾದಲ್ಲಿ (ಇಲ್ಲಿ ಶಿಶುವಿಹಾರಕ್ಕೆ ಎಲ್ಲರೂ ಹೇಳುವ ಹೆಸರು) ಕೆಲಸಕ್ಕೆ ಸೇರಿದ ಮೇಲೆ ಆ ನಂಬಿಕೆ ಸಡಿಲವಾಯಿತು. ಇಲ್ಲಿ 2013ರ ಆಗಸ್ಟ್ 1ರಿಂದ, ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಶಿಶುವಿಹಾರದಲ್ಲಿ ಜಾಗ ಕಾನೂನಿನ ಹಕ್ಕು. ಅಷ್ಟು ಎಳೆಯ ಮಕ್ಕಳನ್ನು ರೂಢಿ ಮಾಡಿಸುವುದಕ್ಕೆ ಬಹಳ ಕಡೆ ಅನುಸರಿಸುವುದು ‘ಬರ್ಲಿನ್ ಮಾದರಿ’. 1980ರ ದಶಕದಲ್ಲಿ ಲೇವೆನ್ ಮತ್ತು ಆಂಡ್ರೆಸ್ ಎಂಬಿಬ್ಬರು ರೂಪಿಸಿದ್ದು. ಅಮ್ಮನೋ ಅಪ್ಪನೋ ಮೂರು ದಿನ, ದಿನಕ್ಕೊಂದು ಗಂಟೆಯಂತೆ, ಕೋಣೆಯ ಮೂಲೆಯಲ್ಲಿ ಕೂರಬೇಕು. ತಾವಾಗಿ ಆಟ ಆಡಿಸುವಂತಿಲ್ಲ, “ಹೋಗು, ಆಡ್ಕೋ” ಅಂತ ತಳ್ಳುವಂತಿಲ್ಲ. ಮಗು ತಿರುಗಿ ನೋಡಿದಾಗ ಅಲ್ಲಿದ್ದರೆ ಸಾಕು. ನಾಲ್ಕನೆಯ ದಿನ ಹೇಳಿಯೇ ಹೊರಡಬೇಕು, ಕಣ್ಣು ತಪ್ಪಿಸಿ ಅಲ್ಲ; ಅದೂ ಅರ್ಧ ಗಂಟೆ ಮೀರದಂತೆ. ಮಗು ಅತ್ತರೆ ಅದು ಸೋಲಲ್ಲ. ಶಿಕ್ಷಕಿ ಎತ್ತಿಕೊಂಡಾಗ ಸಮಾಧಾನವಾಗುತ್ತದೋ ಇಲ್ಲವೋ ಎನ್ನುವುದನ್ನು ನೋಡುತ್ತಾರೆ. ಆಗದಿದ್ದರೆ ಅಮ್ಮ ಮತ್ತೆ ಮೂಲೆಗೆ. ಎರಡು-ಮೂರು ವಾರ ಹಿಡಿದರೂ ಸರಿ.

ಹಾಗಂತ ಇದೇನೂ ಜರ್ಮನರಿಗೆ ಹುಟ್ಟಿನಿಂದ ಬಂದ ಜಾಣತನವಲ್ಲ. ‘ಮಕ್ಕಳ ತೋಟ’ ಎಂಬ ಅರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರನ್ನು ಶಿಕ್ಷಣತಜ್ಞ ಫ್ರೋಬೆಲ್ 1840ರಲ್ಲಿ ಇಟ್ಟದ್ದು ಈ ನೆಲದಲ್ಲೇ. 1851ರಲ್ಲಿ ಪ್ರಶ್ಯದ ಸರ್ಕಾರ ಆ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿ ಒಂಬತ್ತು ವರ್ಷ ಬೀಗ ಹಾಕಿಸಿದ್ದೂ ಈ ನೆಲದಲ್ಲೇ. ಪೂರ್ವ ಜರ್ಮನಿಯ ಕಾಲದಲ್ಲಿ ತರಬೇತಾದ ನನ್ನ ಹಿರಿಯ ಸಹೋದ್ಯೋಗಿ ಹೇಳುವಂತೆ, ಆಗ ಅವಳು ಕಂಡದ್ದೂ ನಮ್ಮ ಗೇಟಿನ ಕಥೆಯೇ. ಕಲಿತದ್ದನ್ನು ಅವಳು ನಡುವಯಸ್ಸಿನಲ್ಲಿ ಮರೆತು ಮತ್ತೆ ಕಲಿತಳು.

ಒಂದು ವರ್ಷದ ಮಗುವಿನ ವಿಷಯದಲ್ಲಿ ಇಷ್ಟು ಯೋಚಿಸುವ ದೇಶ, ಅದೇ ಕೋಣೆಗೆ ಪರದೇಶದಿಂದ ಬರುವ ಶಿಕ್ಷಕಿಯ ವಿಷಯದಲ್ಲಿ ಏನು ಯೋಚಿಸಿದೆ? ಕೆಲಸಕ್ಕೆ ಜನ ಸಾಲದೆ ಹೊರಗಿನವರನ್ನು ಕರೆಯುತ್ತಾರೆ, ಪದವಿ ತೂಗಿ ನೋಡುತ್ತಾರೆ, ರಾಜ್ಯಕ್ಕೊಂದು ಅಳತೆಯಲ್ಲಿ ಭಾಷೆಯ ಸರ್ಟಿಫಿಕೇಟ್ ಕೇಳುತ್ತಾರೆ. ಆಮೇಲೆ ಸೋಮವಾರ ಬೆಳಿಗ್ಗೆ ಕೋಣೆಗೆ ಬಿಡುತ್ತಾರೆ. ಹೌದು, ಸೋಮವಾರವೇ.

ದೊಡ್ಡವರು ಮಕ್ಕಳಲ್ಲವಲ್ಲ, ಹೋದ ಊರಿಗೆ ಹೊಂದಿಕೊಳ್ಳುವುದು ಅವರವರ ಜವಾಬ್ದಾರಿ ಎನ್ನಬಹುದು. ಸ್ವಲ್ಪ ಮಟ್ಟಿಗೆ ಸರಿಯೇ. ಭಾಷೆಯನ್ನೇ ನೋಡಿ, ಅದನ್ನು ನನಗೆ ಕಲಿಸಿದ್ದು ಮಕ್ಕಳು. ಜರ್ಮನ್‌ನಲ್ಲಿ ಗಂಡಾದ ಚಮಚಕ್ಕೆ ‘ಡೀ’ ಸೇರಿಸಿ ಹೆಣ್ಣು ಮಾಡಿದರೆ ನಾಲ್ಕು ವರ್ಷದವನೊಬ್ಬ ತಟ್ಟೆಯಿಂದ ತಲೆ ಎತ್ತದೆ “ಡೆರ್” ಎನ್ನುತ್ತಿದ್ದ. ಅವನ ತಿದ್ದುವಿಕೆಯಲ್ಲಿ ತಾತ್ಸಾರವಿರಲಿಲ್ಲ, ಹಾಗಾಗಿ ನೋಯುತ್ತಿರಲಿಲ್ಲ.

ನೊಂದದ್ದು ಬೇರೆ ಕಡೆ. ಎರಡೂವರೆ ವರ್ಷದ ಹುಡುಗನೊಬ್ಬ ಅರ್ಧ ಆಲೂಗಡ್ಡೆ ಬಿಟ್ಟು ಕೂತಿದ್ದ. ಚಮಚ ಅವನ ಬಾಯಿಯ ಹತ್ತಿರ ಒಯ್ದು “ಇನ್ನೊಂದೇ ತುತ್ತು ಪುಟ್ಟಾ” ಎಂದುಬಿಟ್ಟೆ, ಅಚ್ಚ ಕನ್ನಡದಲ್ಲಿ. ಅವನು ತುಟಿ ಬಿಗಿಹಿಡಿದ. ಮೇಜಿನ ಆಚೆಯಿಂದ ಅದೇ ಹಿರಿಯ ಸಹೋದ್ಯೋಗಿ, “ಅವನ ಹೊಟ್ಟೆ ಅವನಿಗೆ ಗೊತ್ತು” ಎಂದಳು. ಪ್ರೀತಿಯನ್ನು ತುತ್ತಿನಲ್ಲಿ ಎಣಿಸುವ ಮನೆಯಲ್ಲಿ ಬೆಳೆದವಳಿಗೆ ಕೆನ್ನೆಗೆ ಹೊಡೆದಂತಾಯಿತು. ಈಗ ಯೋಚಿಸಿದರೆ ಊಟದ ವಿಷಯದಲ್ಲಿ ಅವಳದೇ ಸರಿ. ತುತ್ತು ಬಿಟ್ಟೆ. ಅಳುವ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಓಡಾಡುವುದನ್ನು ಮಾತ್ರ ಬಿಡಲಿಲ್ಲ.

ಅವತ್ತು ಮಧ್ಯಾಹ್ನದ ಬಿಡುವಿನಲ್ಲಿ ನಾನು ಫೋನ್ ಹಿಡಿದು ಹೊರಗೆ ಓಡಿದೆ. ಆ ವರ್ಷದ ನನ್ನ ಅಳುವೆಲ್ಲ ವಿಡಿಯೋ ಕಾಲ್‌ನಲ್ಲಿ ದಾವಣಗೆರೆಗೇ ಹೋಗುತ್ತಿತ್ತು, ಸಮಾಧಾನವೂ ಅಲ್ಲಿಂದಲೇ ಬರುತ್ತಿತ್ತು. ಅಮ್ಮ ಮೂಲೆ ಬಿಟ್ಟು ಕದಲಲೇ ಇಲ್ಲ. ನೋಡಿದವರಿಗೆ ನಾನು ಚೆನ್ನಾಗಿ ಹೊಂದಿಕೊಂಡವಳು: ಹೊತ್ತಿಗೆ ಸರಿಯಾಗಿ ಬರುತ್ತಾಳೆ, ಗಲಾಟೆಯಿಲ್ಲ. ಬರ್ಲಿನ್ ಮಾದರಿಯ ಅಳತೆಗೋಲು ಹಿಡಿದಿದ್ದರೆ ನಾನು ಫೇಲು.

ಆ ಮಾದರಿ ಮಗುವನ್ನು ಇಡೀ ಶಾಲೆಗೆ ಒಪ್ಪಿಸುವುದಿಲ್ಲ, ಮೊದಲು ಒಬ್ಬಳೇ ಶಿಕ್ಷಕಿಗೆ ಒಪ್ಪಿಸುತ್ತದೆ. “ನಾವೆಲ್ಲ ಇದ್ದೀವಲ್ಲ” ಅಂದರೆ ಯಾರೂ ಇಲ್ಲ ಎಂದೇ ಲೆಕ್ಕ. ಹೊಸ ಶಿಕ್ಷಕಿಗೂ ಮೊದಲ ತಿಂಗಳು ಒಬ್ಬಳನ್ನು ಗೊತ್ತು ಮಾಡಿ, ಅದಕ್ಕಾಗಿ ಅವಳ ಪಾಳಿಯಲ್ಲಿ ಸಮಯ ಬಿಡಿಸಿಕೊಟ್ಟರೆ, ಸ್ವಾಗತದ ಹೂಗುಚ್ಛವನ್ನೂ ಸರ್ಟಿಫಿಕೇಟುಗಳಲ್ಲಿ ಒಂದೆರಡನ್ನೂ ಕೈಬಿಡಬಹುದು.

ನನಗೆ ಹಾಗೆ ಯಾರನ್ನೂ ಗೊತ್ತು ಮಾಡಿರಲಿಲ್ಲ. ಎರಡನೆಯ ವರ್ಷದ ಫೆಬ್ರುವರಿಯಲ್ಲಿ, ಮಕ್ಕಳಿಗೆ ಗಂಬೂಟು ಹಾಕಿಸುವ ಹೊತ್ತಿಗೆ, ಅಜ್ಜಿ ಹೋದರೆಂದು ಅಕ್ಕ ಮೆಸೇಜ್ ಹಾಕಿದ್ದಳು. ಡೈಪರ್ ಬದಲಿಸುವ ಕೋಣೆಗೆ ಹೋಗಿ ನಿಂತೆ. ಆ ಆಲೂಗಡ್ಡೆಯವಳೇ ಬಂದಳು. ಹರುಕುಮುರುಕು ಜರ್ಮನ್‌ನಲ್ಲಿ ಹೇಳಿದೆ. ಡೆರ್, ಡೀ ಎಲ್ಲ ತಪ್ಪಿತ್ತು, ಅವಳು ತಿದ್ದಲಿಲ್ಲ. ಚಹಾ ತಂದಿಟ್ಟು, ನನ್ನ ಪಾಲಿನ ಮೂರು ಡೈಪರ್ ತಾನೇ ಬದಲಿಸಿ, ಹೆಗಲ ಮೇಲೆ ಕೈಯಿಟ್ಟು ನಿಂತಳು. ಅವತ್ತು ಅಮ್ಮನಿಗೆ ಫೋನ್ ಮಾಡಿದ್ದು ಸಂಜೆ, ಅಳು ಒಂದು ಸುತ್ತು ಮುಗಿದ ಮೇಲೆ.