ಕಂಪ್ಯೂಟರು ಏಳದಿದ್ದರೆ ಎಲ್ಲವನ್ನೂ ಅಳಿಸಬೇಕೆ?

ಲಿನಕ್ಸ್ ಹಾಕಿದ ಕಂಪ್ಯೂಟರು ಒಂದು ದಿನ ಚಾಲೂ ಆಗದೆ ನಿಂತಿತೆಂದರೆ ನಮ್ಮಲ್ಲಿ ಒಂದೇ ಮದ್ದು ಸಿದ್ಧವಾಗಿರುತ್ತದೆ: ಇದ್ದುದನ್ನೆಲ್ಲ ಅಳಿಸಿ ಹೊಸದಾಗಿ ಹಾಕುವುದು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ! ಮಕ್ಕಳು ವರ್ಷವಿಡೀ ಮಾಡಿದ ಚಿತ್ರ, ಕನ್ನಡದಲ್ಲಿ ಬೆರಳಚ್ಚು ಮಾಡಿದ ಪ್ರಬಂಧ, ಅಜ್ಜಿಯಂದಿರಿಂದ ಕೇಳಿ ದಾಖಲಿಸಿಕೊಂಡ ಹಾಡು, ಎಲ್ಲವೂ ಅರ್ಧ ಗಂಟೆಯಲ್ಲಿ ಮಾಯ. ಈ ಪದ್ಧತಿ ನಿಲ್ಲಬೇಕೆಂಬುದು ನಮ್ಮ ಅಭಿಪ್ರಾಯ.

ಹಳೆಯ ಕಂಪ್ಯೂಟರಿನಲ್ಲಿ ಎರಡು ಹಾರ್ಡ್ ಡಿಸ್ಕ್‌ಗಳಿದ್ದು, ಅವುಗಳಲ್ಲಿ ಒಂದನ್ನು ತೆಗೆದ ಮೇಲೆ ಬರುವ ತೊಂದರೆಯನ್ನೇ ನೋಡೋಣ. ತೆಗೆದದ್ದು ಬೇಡದ ಡಿಸ್ಕ್. ಲಿನಕ್ಸ್ ಇರುವುದು ಇನ್ನೊಂದರಲ್ಲಿ. ಆದರೂ ಯಂತ್ರ ಏಳುವುದಿಲ್ಲ. ಪರದೆಯಲ್ಲಿ ಒಂದೂವರೆ ನಿಮಿಷದ ಲೆಕ್ಕ ಓಡುತ್ತದೆ. ಆಮೇಲೆ 'ಎಮರ್ಜೆನ್ಸಿ ಮೋಡ್' ಎಂಬ ಮಾತು ಕಾಣಿಸಿಕೊಳ್ಳುತ್ತದೆ. ಅದನ್ನು ಕಂಡೊಡನೆ 'ಯಂತ್ರ ಹೋಯಿತು' ಎನ್ನುತ್ತೇವೆ.

ಹೋಗಿಲ್ಲ. ಲಿನಕ್ಸಿನಲ್ಲಿ 'ಎಫ್‌ಎಸ್‌ಟ್ಯಾಬ್' ಎಂಬ ಒಂದು ಕಡತವಿದೆ. ಅದನ್ನು ತರಗತಿಯ ಹಾಜರಿ ಪುಸ್ತಕವೆಂದು ತಿಳಿಯಿರಿ. ಯಾವ ಯಾವ ಡಿಸ್ಕಿನ ವಿಭಾಗ ಎಲ್ಲಿ ಕೂಡಬೇಕೆಂದು ಅದರಲ್ಲಿ ಸಾಲುಸಾಲಾಗಿ ಬರೆದಿರುತ್ತದೆ. ಟಿ.ಸಿ. ತೆಗೆದುಕೊಂಡು ಹೋದ ಹುಡುಗನ ಹೆಸರನ್ನು ಹೊಡೆದು ಹಾಕದಿದ್ದರೆ ಮೇಷ್ಟ್ರು ಕರೆಯುತ್ತಲೇ ಇರುತ್ತಾರೆ. ಮೇಷ್ಟ್ರಾದರೋ ಗೈರುಹಾಜರಿ ಗುರುತಿಸಿ ಪಾಠಕ್ಕೆ ತೊಡಗುತ್ತಾರೆ. ಈ ಯಂತ್ರ ಮಾತ್ರ 90 ಸೆಕೆಂಡು ಕಾದು, ಪಾಠವನ್ನೇ ನಿಲ್ಲಿಸಿಬಿಡುತ್ತದೆ!

ಪರಿಹಾರ ಆ ಒಂದು ಸಾಲಿನಲ್ಲಿದೆ. ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಒಳಗಿನ ಡಿಸ್ಕನ್ನು ತೆರೆದು, ಅದರ 'ಇಟಿಸಿ' ಕೋಶದಲ್ಲಿರುವ ಎಫ್‌ಎಸ್‌ಟ್ಯಾಬನ್ನು ನೋಡಬೇಕು. ಪೆನ್‌ಡ್ರೈವಿನಲ್ಲೂ ಅದೇ ಹೆಸರಿನ ಕಡತವಿರುತ್ತದೆ. ಅದನ್ನು ತಿದ್ದಿ ಫಲವಿಲ್ಲ. ಮೊದಲು ಒಂದು ಪ್ರತಿ ತೆಗೆದಿಟ್ಟು, ಹೋದ ಡಿಸ್ಕಿನ ಸಾಲಿನ ಆರಂಭದಲ್ಲಿ '#' ಗುರುತು ಹಾಕಿದರೆ ಯಂತ್ರ ಆ ಸಾಲನ್ನು ಓದುವುದಿಲ್ಲ. ಮುಂದೆ ಆಗಾಗ ತೆಗೆದು ಹಾಕುವ ಡಿಸ್ಕ್ ಇದ್ದರೆ ಅದರ ಸಾಲಿನಲ್ಲಿ 'ನೋಫೇಲ್' ಎಂಬ ಪದ ಸೇರಿಸಿಟ್ಟರಾಯಿತು.

ಕೆಲವೊಮ್ಮೆ ಎಮರ್ಜೆನ್ಸಿಯ ತನಕವೂ ಹೋಗದೆ, ಬೂಟ್ ಮಾಡಲು ಡಿಸ್ಕೇ ಇಲ್ಲವೆಂದು ಯಂತ್ರ ಹೇಳುತ್ತದೆ. ಆಗ ಲಿನಕ್ಸನ್ನು ಎಬ್ಬಿಸುವ 'ಗ್ರಬ್' ತೆಗೆದ ಡಿಸ್ಕಿನಲ್ಲೇ ಇದ್ದಿರಬಹುದು. ಹಳೆಯ ಡಿಸ್ಕನ್ನು ಮರಳಿ ಜೋಡಿಸಿ ನೋಡಿ. ಎದ್ದರೆ ಸಂಶಯ ಪರಿಹಾರ. ಉಳಿದ ಡಿಸ್ಕಿಗೆ ಗ್ರಬ್ ಹಾಕಿದರೆ ಸಾಕು, ಕಡತಗಳನ್ನು ಮುಟ್ಟಬೇಕಾಗಿಲ್ಲ.

ಇದೆಲ್ಲ ದೊಡ್ಡವರ ಕೆಲಸವಲ್ಲವೇ ಎಂದು ಹೆತ್ತವರು ಕೇಳಬಹುದು. ಲಿನಕ್ಸನ್ನು 1991ರಲ್ಲಿ ಆರಂಭಿಸಿದ ಲೀನಸ್ ಟೋರ್ವಾಲ್ಡ್ಸ್ ಆಗ ಹೆಲ್ಸಿಂಕಿಯಲ್ಲಿ ಓದುತ್ತಿದ್ದ 21ರ ಹುಡುಗ. ಕೇರಳದ ಶಾಲೆಗಳು ಮುಕ್ತ ತಂತ್ರಾಂಶವನ್ನು ಆರಿಸಿಕೊಂಡದ್ದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಆ ಲಿನಕ್ಸೇ ಕೈಗೆ ಸಿಕ್ಕಿದೆ. ಒಳಗೆ ಏನು ಬರೆದಿದೆಯೆಂದು ಯಾರೂ ಓದಬಹುದಾದ, ತಿದ್ದಬಹುದಾದ ತಂತ್ರಾಂಶವದು. ಅಂಥದನ್ನು ಕೊಟ್ಟು 'ಮುಟ್ಟಬೇಡ, ಹಾಳಾದೀತು' ಎಂದರೆ ಏನು ಬಂತು? ಪರದೆಯ ಮಾತು ಇಂಗ್ಲಿಷಿನಲ್ಲಿರುವುದು ನಿಜ. ನಿಘಂಟು ಹಿಡಿದು ಓದಿದರೆ ನಾಲ್ಕೇ ಸಾಲು. ಅದನ್ನು ಓದಿಸದೆಯೇ ಅಂಗಡಿಗೆ ಹೊತ್ತುಕೊಂಡು ಹೋಗುವುದು ನಮಗೆ ಸರಿಕಾಣುವುದಿಲ್ಲ.

ಆದುದರಿಂದ ಕಂಪ್ಯೂಟರ್ ಕೋಣೆಯಲ್ಲಿ ಲಿನಕ್ಸ್ ತುಂಬಿದ ಒಂದು ಪೆನ್‌ಡ್ರೈವೂ ದಾರ ಕಟ್ಟಿದ ಒಂದು ನೋಟುಪುಸ್ತಕವೂ ಸದಾ ಇರಲಿ. ಯಾವ ಯಂತ್ರದಿಂದ ಯಾವ ಡಿಸ್ಕ್ ತೆಗೆದೆವು, ಪರದೆ ಏನೆಂದಿತು, ಯಾವ ಸಾಲು ತಿದ್ದಿದೆವು ಎಂಬುದನ್ನು ಮಕ್ಕಳೇ ಕನ್ನಡದಲ್ಲಿ ಬರೆದಿಡಲಿ. ತೆಗೆದ ಡಿಸ್ಕಿನ ಮೇಲೂ ತಾರೀಕು ಬರೆದ ಚೀಟಿ ಅಂಟಿಸಲಿ. ಅದರೊಳಗೆ ಯಾರ ಕಡತವಿದೆಯೆಂದು ನೋಡುವ ತನಕ ಗುಜರಿಗೆ ಹಾಕುವುದು ಬೇಡ.