ಫಾರ್ಮ್ಯಾಟ್ ಹೊಡೆಯುವ ಮುನ್ನ

ಕಂಪ್ಯೂಟರ್ ಕೈಕೊಟ್ಟಾಗ ನಮ್ಮಲ್ಲಿ ಎಲ್ಲರ ಬಾಯಿಂದ ಬರುವ ಮಾತು ಒಂದೇ: ‘ಫಾರ್ಮ್ಯಾಟ್ ಹೊಡಿ, ಸರಿಹೋಗುತ್ತೆ’. ಅಂಗಡಿಯವರು ಹಾಗಂದರೆ ಅರ್ಥವಾಗುತ್ತದೆ. ಅವರ ಟೇಬಲ್ ಮೇಲೆ ಇನ್ನೂ ಹತ್ತು ಮಷಿನ್ ಕಾಯುತ್ತಿರುತ್ತವೆ. ಆದರೆ ನಾಲ್ಕು ವರ್ಷ ಕಂಪ್ಯೂಟರನ್ನೇ ಓದಲು ಬಂದ ನಾವೂ ಅದನ್ನೇ ಹೇಳುತ್ತೇವಲ್ಲ, ಅದು ನನಗೆ ಸರಿ ಕಾಣುವುದಿಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈ ಚಟ ಬಿಡಬೇಕು. ಅದನ್ನು ಬಿಡಿಸಲು ಹಳೆಯ ಲಿನಕ್ಸ್ ಕಂಪ್ಯೂಟರಿಗಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ.

ಈ ಮಾತಿಗೆ ಈಗ ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಹೊಸ ಪೀಳಿಗೆಯ ಪ್ರೊಸೆಸರ್, ಕನಿಷ್ಠ 4 ಜಿಬಿ ರ‍್ಯಾಮ್ ಇರಬೇಕು. ಹತ್ತು–ಹನ್ನೆರಡು ವರ್ಷದ ಮಷಿನ್‌ಗಳಿಗೆ ಆ ಯೋಗವಿಲ್ಲ. ಹೊಸದು ಕೊಳ್ಳುವ ಶಕ್ತಿ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಹಾಗಾಗಿ ಅಣ್ಣನಿಂದ ತಂಗಿಗೆ, ಮಾವನಿಂದ ಅಳಿಯನಿಗೆ ಬಂದ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಹಾಕಿಕೊಳ್ಳುವವರಿದ್ದಾರೆ. ಹಾಕುವುದು ಕಷ್ಟವಲ್ಲ, ಒಂದು ಪೆನ್‌ಡ್ರೈವ್, ಒಂದಿಷ್ಟು ತಾಳ್ಮೆ ಸಾಕು. ಪರೀಕ್ಷೆ ಶುರುವಾಗುವುದು ಆಮೇಲೆ. ಒಂದು ದಿನ ಅಪ್‌ಡೇಟ್ ಆಗುತ್ತದೆ, ಮರುದಿನ ಪರದೆ ಪೂರ್ತಿ ಕಪ್ಪು.

ಪರದೆ ಕಪ್ಪಾದ ಮಾತ್ರಕ್ಕೆ ಕಂಪ್ಯೂಟರ್ ಸತ್ತಿದೆ ಎಂದು ತಿಳಿಯಬೇಕಿಲ್ಲ. ಲಿನಕ್ಸ್‌ನಲ್ಲಿ ನಮಗೆ ಕಾಣುವ ಡೆಸ್ಕ್‌ಟಾಪ್ ಹಲವು ಪದರಗಳ ಮೇಲೆ ನಿಂತಿದೆ. ಎಲ್ಲಕ್ಕಿಂತ ಕೆಳಗೆ ಕರ್ನಲ್ ಮತ್ತು ಗ್ರಾಫಿಕ್ಸ್ ಡ್ರೈವರ್. ಅದರ ಮೇಲೆ ಚಿತ್ರ ಬಿಡಿಸುವ ಡಿಸ್‌ಪ್ಲೇ ಸರ್ವರ್. ಅದರ ಮೇಲೆ ಪಾಸ್‌ವರ್ಡ್ ಕೇಳುವ ಲಾಗಿನ್ ಪರದೆ. ತುದಿಯಲ್ಲಿ ಐಕಾನು, ಮೆನು ಇರುವ ಡೆಸ್ಕ್‌ಟಾಪ್. ಹಳೆಯ ಮಷಿನ್‌ಗಳಲ್ಲಿ ಹೆಚ್ಚಾಗಿ ಸಿಗುವ ಡಿಸ್‌ಪ್ಲೇ ಸರ್ವರ್‌ನ ಹೆಸರು ಎಕ್ಸ್. ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಹುಟ್ಟಿದ್ದು, ಅದರ 11ನೇ ಆವೃತ್ತಿ 1987ರದ್ದು. ಅದರ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್ ಶುರುವಾಗಿದ್ದು 2008ರಲ್ಲಿ. ಈ ಪದರಗಳಲ್ಲಿ ಯಾವುದೇ ಒಂದು ಮುಗ್ಗರಿಸಿದರೂ ನಮ್ಮ ಕಣ್ಣಿಗೆ ಕಾಣುವುದು ಅದೇ ಕಪ್ಪು.

ಮನೆಯಲ್ಲಿ ಕರೆಂಟ್ ಹೋದರೆ ಏನು ಮಾಡುತ್ತೇವೆ? ಪಕ್ಕದ ಮನೆಯಲ್ಲಿ ಇದೆಯಾ ನೋಡುತ್ತೇವೆ. ಅಲ್ಲಿದ್ದರೆ ನಮ್ಮ ಫ್ಯೂಸ್ ನೋಡುತ್ತೇವೆ. ಫ್ಯೂಸ್ ಸರಿಯಿದ್ದರೆ ಬಲ್ಬ್ ಬಿಚ್ಚಿ ನೋಡುತ್ತೇವೆ. ಯಾರೂ ಮನೆ ಕೆಡವಿ ಹೊಸದಾಗಿ ಕಟ್ಟುವುದಿಲ್ಲ. ಲಿನಕ್ಸ್‌ನಲ್ಲೂ ದಾರಿ ಇದೇ. ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಬರೀ ಅಕ್ಷರಗಳ ಲಾಗಿನ್ ಬಂತೆಂದರೆ ಕರ್ನಲ್ ಬದುಕಿದೆ, ಡಿಸ್ಕ್ ಬದುಕಿದೆ, ನಿಮ್ಮ ಫೈಲ್‌ಗಳೂ ಬಹುಮಟ್ಟಿಗೆ ಅಲ್ಲೇ ಇವೆ. ಕೆಟ್ಟಿರುವುದು ಮೇಲಿನ ಯಾವುದೋ ಪದರ.

ನಮ್ಮ ಹಾಸ್ಟೆಲ್‌ನಲ್ಲಿ ಗಂಗಾವತಿ ಕಡೆಯ ಜೂನಿಯರ್ ಒಬ್ಬಳಿದ್ದಾಳೆ. ಅವಳ ಅಣ್ಣ ಬಳಸಿ ಬಿಟ್ಟ ಲ್ಯಾಪ್‌ಟಾಪ್ ಅವಳದು, 2 ಜಿಬಿ ರ‍್ಯಾಮ್. ಹೋದ ಸೆಮಿಸ್ಟರ್‌ನಲ್ಲಿ ಅದನ್ನು ಎದೆಗೆ ಅವಚಿಕೊಂಡು ಬಂದಳು. ‘ಅಕ್ಕಾ, ಪಾಸ್‌ವರ್ಡ್ ಹೊಡದ್ರ ಮತ್ತ ಅಲ್ಲೇ ಬಂದು ನಿಲ್ತದ. ಅಂಗಡ್ಯಾಗ ಫಾರ್ಮ್ಯಾಟ್ ಮಾಡಬೇಕು, ಒಳಗಿಂದು ಏನೂ ಉಳಿಯಂಗಿಲ್ಲ ಅಂದ್ರು’ ಎಂದಳು. ಒಳಗೆ ಅವಳ ಮಿನಿ ಪ್ರಾಜೆಕ್ಟ್ ಇತ್ತು. ಅದಕ್ಕಿಂತ ದೊಡ್ಡದು, ಅವಳ ಅವ್ವನ ಸ್ವಸಹಾಯ ಸಂಘದ ಮೂರು ವರ್ಷದ ಉಳಿತಾಯ, ಸಾಲದ ಲೆಕ್ಕ. ಹದಿನೈದು ಹೆಂಗಸರು ವಾರವಾರ ಕಟ್ಟಿದ ದುಡ್ಡಿನ ಲೆಕ್ಕ ಅದು.

ಅಕ್ಷರಗಳ ಲಾಗಿನ್‌ಗೆ ಹೋದೆವು. ಪಾಸ್‌ವರ್ಡ್ ಅಲ್ಲಿ ಒಪ್ಪಿತು, ಅಂದರೆ ತಪ್ಪು ಪಾಸ್‌ವರ್ಡಿನದಲ್ಲ. ಮೊದಲು ಲೆಕ್ಕದ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ತೆಗೆದುಕೊಂಡೆವು. ಆಮೇಲೆ ‘ಡಿಎಫ್’ ಎಂಬ ಕಮಾಂಡ್ ಕೊಟ್ಟರೆ ಕಾರಣ ಕಣ್ಣೆದುರಿಗೇ ಇತ್ತು: ಡಿಸ್ಕ್ ನೂರಕ್ಕೆ ನೂರು ತುಂಬಿತ್ತು. ಲಾಗಿನ್ ಆದ ಕೂಡಲೇ ಡೆಸ್ಕ್‌ಟಾಪ್ ಒಂದೆರಡು ಸಣ್ಣ ಫೈಲ್ ಬರೆದುಕೊಳ್ಳಬೇಕು. ಜಾಗವಿಲ್ಲದೆ ಅದು ಬಿದ್ದುಹೋಗಿ ಮತ್ತೆ ಪಾಸ್‌ವರ್ಡ್ ಕೇಳುತ್ತಿತ್ತು. ಹಿಂದಿನ ಅಪ್‌ಡೇಟ್‌ಗಳು ಉಳಿಸಿಹೋದ ಪ್ಯಾಕೇಜ್‌ಗಳನ್ನೂ ಹಳೆಯ ಲಾಗ್‌ಗಳನ್ನೂ ಅವಳೇ ಟೈಪ್ ಮಾಡಿ ಅಳಿಸಿದಳು. ರೀಸ್ಟಾರ್ಟ್ ಮಾಡಿದಾಗ ಡೆಸ್ಕ್‌ಟಾಪ್ ಬಂತು. ಊಟದ ಗಂಟೆ ಹೊಡೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಎಲ್ಲ ತೊಂದರೆಯೂ ಇಷ್ಟು ಸುಲಭವಲ್ಲ. ಹಳೆಯ ಎನ್‌ವಿಡಿಯಾ ಕಾರ್ಡುಗಳದ್ದು ಬೇರೆಯೇ ಕತೆ. ಅವಕ್ಕೆ ಬೇಕಾದ 340 ಸರಣಿಯ ಡ್ರೈವರ್‌ಗೆ ಕಂಪನಿಯ ಕೊನೆಯ ಆವೃತ್ತಿ ಬಂದಿದ್ದು 2019ರಲ್ಲಿ. ಆಮೇಲೆ ಬಂದ ಕರ್ನಲ್‌ಗಳ ಜೊತೆ ಅದು ಹೊಂದುವುದಿಲ್ಲ. ಅಂಥಲ್ಲಿ ನೂವೋ ಎಂಬ ಮುಕ್ತ ಡ್ರೈವರ್‌ಗೆ ಮರಳಬೇಕು. ಬೂಟ್ ಆಗುವಾಗ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ಕರ್ನಲ್ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಎಂದು ಸೇರಿಸಿದರೆ ಎಷ್ಟೋ ಸಲ ತಾತ್ಕಾಲಿಕವಾಗಿ ಪರದೆ ಬೆಳಗುತ್ತದೆ. ಎಕ್ಸ್ ತನ್ನ ಲಾಗ್‌ನಲ್ಲಿ ಪ್ರತಿ ದೋಷದ ಸಾಲಿನ ಮುಂದೆ ಎರಡು ‘ಇ’ ಅಕ್ಷರ ಬರೆದಿಡುತ್ತದೆ, ಎಚ್ಚರಿಕೆಗೆ ಎರಡು ‘ಡಬ್ಲ್ಯು’. ಸಾವಿರ ಸಾಲಿದ್ದರೂ ಓದಬೇಕಾದ್ದು ಆ ನಾಲ್ಕಾರು ಸಾಲು. ಇನ್ನು 2 ಜಿಬಿ ಮಷಿನ್ ಮೇಲೆ ಗ್ನೋಮ್‌ನಂಥ ಭಾರದ ಡೆಸ್ಕ್‌ಟಾಪ್ ಹೇರಿದರೆ ಅದು ಏದುಸಿರು ಬಿಡುವುದೇ. ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿಯಂಥ ಹಗುರ ಡೆಸ್ಕ್‌ಟಾಪ್‌ಗಳು ಇರುವುದೇ ಇಂಥ ಮಷಿನ್‌ಗಳಿಗೆ.

‘ಇಷ್ಟೆಲ್ಲ ಹುಡುಕುವ ಬದಲು ಒಂದು ಗಂಟೆಯಲ್ಲಿ ಹೊಸದಾಗಿ ಇನ್‌ಸ್ಟಾಲ್ ಮಾಡಬಹುದಲ್ಲ’ ಎಂದು ಗೆಳೆಯರು ಕೇಳುತ್ತಾರೆ. ಕೆಲವೊಮ್ಮೆ ಅದೇ ಸರಿ. ಡಿಸ್ಕೇ ಸವೆದಿದ್ದರೆ, ಮದರ್‌ಬೋರ್ಡ್ ಹೋಗಿದ್ದರೆ ಯಾವ ಲಾಗ್ ಓದಿಯೂ ಉಪಯೋಗವಿಲ್ಲ. ಆದರೆ ಕಾರಣ ತಿಳಿಯದೆ ಫಾರ್ಮ್ಯಾಟ್ ಮಾಡಿದರೆ ಅದೇ ತೊಂದರೆ ಮುಂದಿನ ಅಪ್‌ಡೇಟ್‌ಗೆ ಮತ್ತೆ ಬರುತ್ತದೆ. ‘ಎಐ ಕೇಳಿದರಾಯಿತು’ ಎನ್ನುವವರೂ ಇದ್ದಾರೆ. ಕೇಳಿ, ನಾನೂ ಕೇಳುತ್ತೇನೆ. ಆದರೆ ‘ಡೆಸ್ಕ್‌ಟಾಪ್ ಬರುತ್ತಿಲ್ಲ’ ಎಂದಷ್ಟೇ ಕೇಳಿದರೆ ಅದು ಹತ್ತು ಊಹೆ ಕೊಡುತ್ತದೆ. ದೋಷದ ಆ ಸಾಲನ್ನೇ ಕೊಟ್ಟರೆ ಉತ್ತರ ಹತ್ತಿರ ಬರುತ್ತದೆ. ಸುಡೋ ಹಚ್ಚಿದ ಕಮಾಂಡ್ ಏನು ಮಾಡುತ್ತದೆಂದು ತಿಳಿಯದೆ ಅಂಟಿಸಿದರೆ ಇದ್ದ ಫೈಲ್‌ಗಳೂ ಹೋದಾವು.

ಇಲ್ಲಿ ಕಾಲೇಜುಗಳೂ ಒಂದು ಹೆಜ್ಜೆ ಇಡಬೇಕು. ಆಪರೇಟಿಂಗ್ ಸಿಸ್ಟಮ್ ಲ್ಯಾಬ್‌ನಲ್ಲಿ ನಾವು ರೌಂಡ್ ರಾಬಿನ್, ಬ್ಯಾಂಕರ್ಸ್ ಅಲ್ಗಾರಿದಮ್ ಎಲ್ಲವನ್ನೂ ಸಿ ಭಾಷೆಯಲ್ಲಿ ಬರೆದು, ಔಟ್‌ಪುಟ್ ತೋರಿಸಿ, ರೆಕಾರ್ಡ್ ಬುಕ್‌ಗೆ ಸಹಿ ಹಾಕಿಸಿಕೊಳ್ಳುತ್ತೇವೆ. ಅದು ಬೇಡ ಎನ್ನುತ್ತಿಲ್ಲ. ಅದರ ಜೊತೆಗೆ, ಗುಜರಿಗೆ ಕಳಿಸಲಿರುವ ಲ್ಯಾಬ್ ಕಂಪ್ಯೂಟರ್‌ಗಳಲ್ಲಿ ಹತ್ತನ್ನು ಇನ್ನೊಂದು ಸೆಮಿಸ್ಟರ್ ಉಳಿಸಿಕೊಳ್ಳಿ. ಮೇಷ್ಟ್ರು ಬೇಕೆಂದೇ ಒಂದೊಂದು ಪದರ ಕೆಡಿಸಿಡಲಿ: ಒಂದರಲ್ಲಿ ಡಿಸ್ಕ್ ತುಂಬಿರಲಿ, ಇನ್ನೊಂದರಲ್ಲಿ ತಪ್ಪು ಡ್ರೈವರ್ ಇರಲಿ, ಮತ್ತೊಂದರಲ್ಲಿ ಹೋಮ್ ಫೋಲ್ಡರ್‌ನ ಒಡೆತನ ಬದಲಾಗಿರಲಿ. ಫಾರ್ಮ್ಯಾಟ್ ಮಾಡಿದವರಿಗೆ ಸೊನ್ನೆ. ಏನು ಕಂಡೆ, ಏನು ಊಹಿಸಿದೆ, ಊಹೆ ಹೇಗೆ ಪರೀಕ್ಷಿಸಿದೆ ಎಂದು ಬರೆದವರಿಗೆ ಅಂಕ. ಇದಕ್ಕೆ ಹೊಸ ಬಜೆಟ್ ಬೇಡ, ಹೊಸ ಕಟ್ಟಡವೂ ಬೇಡ.

ನಾಳೆ ನಾವು ಕೆಲಸಕ್ಕೆ ಸೇರಿದಾಗ ಬ್ಯಾಂಕಿನದೋ ಆಸ್ಪತ್ರೆಯದೋ ಸರ್ವರ್ ರಾತ್ರಿ ಎರಡು ಗಂಟೆಗೆ ನಿಂತರೆ, ‘ಫಾರ್ಮ್ಯಾಟ್ ಮಾಡೋಣ ಸಾರ್’ ಎನ್ನಲು ಆಗುವುದಿಲ್ಲ. ಅಲ್ಲಿ ಯಾರದ್ದೋ ಜೀವನದ ಲೆಕ್ಕವಿರುತ್ತದೆ. ಅದನ್ನು ಉಳಿಸುವ ಅಭ್ಯಾಸವನ್ನು ಬೆಲೆಯಿಲ್ಲವೆಂದು ಮೂಲೆಗೆ ಸರಿಸಿದ ಮಷಿನ್ ಮೇಲೆ ಈಗಲೇ ಮಾಡಿಕೊಳ್ಳುವುದು ಒಳ್ಳೆಯದು. ನಿಮ್ಮ ಮನೆಯ ಅಟ್ಟದ ಮೇಲೂ ಅಂಥದ್ದೊಂದು ಇದ್ದೀತು. ಇಳಿಸಿ, ದೂಳು ಕೊಡವಿ, ಆನ್ ಮಾಡಿ ನೋಡಿ. ಪರದೆ ಬರಲಿಲ್ಲವೆಂದರೆ ಇನ್ನೂ ಒಳ್ಳೆಯದಾಯಿತು, ಪಾಠ ಅಲ್ಲಿಂದಲೇ ಶುರು.